ಯಾರ ಕಾಗದವಾದರೂ ಸರಿ

ನನ್ನ ಗಂಡ ಸುಜಯರಿಗೆ ಯಾರಾದರೂ ಒಂದು ಚೀಲ ತಂದು ಕೈಗೆ ಕೊಟ್ಟರೆ ಬೇಡ ಎನ್ನಲು ಬರುವುದಿಲ್ಲ. ಮದುವೆಯಾಗಿ ಇಪ್ಪತ್ತೊಂದು ವರ್ಷವಾಯಿತು, ಈ ಒಂದು ವಿಷಯಕ್ಕೆ ನಾನು ಬೈದಷ್ಟು ಬೇರೆ ಯಾವುದಕ್ಕೂ ಬೈದಿಲ್ಲ. ಬೈದರೆ ನಗುತ್ತಾರೆ. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಇವರಿಗೆ ಕೈಗಾದಲ್ಲಿ ಕೆಲಸ. ಅಣುಸ್ಥಾವರ ಎಂದ ಕೂಡಲೇ ದೊಡ್ಡ ವಿಜ್ಞಾನಿ ಎಂದುಕೊಳ್ಳಬೇಡಿ. ಉಗ್ರಾಣದಲ್ಲಿ ಬಂದ ನಟ್ಟು ಬೋಲ್ಟುಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಗುಮಾಸ್ತ. ಬೆಳಿಗ್ಗೆ ಅರ್ಗಾದ ನಮ್ಮ ಮನೆಯಿಂದ ಕಾರವಾರಕ್ಕೆ ಸ್ಕೂಟರು, ಅಲ್ಲಿಂದ ಮುಂದೆ ಕಂಪನಿ ಬಸ್ಸು. ಬಸ್ಸು ನಿಲ್ಲುವಲ್ಲಿ ಇವರಿಗಿಂತ ಮೊದಲೇ ನಾಲ್ಕು ಜನ ಬಂದು ನಿಂತಿರುತ್ತಾರೆ, ಹತ್ತುವುದಕ್ಕಲ್ಲ, ಕೊಡುವುದಕ್ಕೆ. ಬಸ್ಸಿನ ದಾರಿಯ ಮಲ್ಲಾಪುರದಲ್ಲಿರುವ ಮಗಳಿಗೆ ಬಂಗಡೆ ಸಾರು, ಕದ್ರಾದ ಅಣ್ಣನಿಗೆ ಬಿಪಿ ಮಾತ್ರೆ, ಯಾರದೋ ಜಾತಕ, ಯಾರದೋ ರೇಷನ್ ಕಾರ್ಡಿನ ಝೆರಾಕ್ಸು. ನಮ್ಮ ಕಡೆ ಇದು ಹೊಸದಲ್ಲ. ಬಸ್ಸು ಹೋಗುತ್ತದೆ ಎಂದಮೇಲೆ ಚೀಲವೂ ಹೋಗುತ್ತದೆ, ಅದನ್ನು ಯಾರೂ ದೊಡ್ಡ ಉಪಕಾರ ಎಂದು ಎಣಿಸುವುದಿಲ್ಲ. ಆದರೆ ಉಳಿದವರು ಗುರುತಿನವರದ್ದು ಒಯ್ಯುತ್ತಾರೆ. ಇವರು ಕೊಟ್ಟವರ ಹೆಸರನ್ನೂ ಕೇಳುವುದಿಲ್ಲ. ಒಮ್ಮೆ ಇವರ ಕಾಲ ಬಳಿ ಇದ್ದ ಗೋಣಿಚೀಲದಿಂದ ಏಡಿಗಳು ಹೊರಬಿದ್ದು ಸೀಟಿನಡಿಯೆಲ್ಲ ಹರಿದಾಡಿ, ಬಸ್ಸಿನಲ್ಲಿದ್ದವರು ಕದ್ರಾದವರೆಗೆ ಕಾಲು ಮೇಲೆತ್ತಿಕೊಂಡು ಕೂತಿದ್ದರಂತೆ. ಯಾರ ಏಡಿ ಎಂದು ಕೇಳಿದರೆ ಇವರಿಗೂ ಗೊತ್ತಿಲ್ಲ.

"ಒಯ್ದು ಕೊಡೂದು ನನ್ ಕೆಲ್ಸ. ಒಳಗೆ ಎಂತ ಅದೆ ಅಂತ ಕೇಳೂಕೆ ನಾ ಎಂತ ಪೊಲೀಸ?" ಎನ್ನುತ್ತಾರೆ. ಇದೊಂದು ಉತ್ತರ ಇಪ್ಪತ್ತೊಂದು ವರ್ಷ ಬಾಳಿಕೆ ಬಂದಿದೆ.

ಇನ್ನು ನಾನು. ಹೆಸರು ನಾಗಶ್ರೀ. ಮೊದಲು ಬಾಲವಾಡಿಯಲ್ಲಿ ಕಲಿಸುತ್ತಿದ್ದುದರಿಂದ ಊರಿನವರ ಬಾಯಲ್ಲಿ ಈಗಲೂ ಅಕ್ಕೋರು. ಸದ್ಯ ಅರ್ಗಾದ ಕೂಲಿ ಹೆಂಗಸರ ಸಂಘದ ಕಾರ್ಯದರ್ಶಿ. ಸಂಘದಲ್ಲಿ ಮೂವತ್ತೊಂದು ಜನ. ನಮ್ಮೂರಿಗೆ ತಾಗಿಕೊಂಡಿರುವ ದೊಡ್ಡ ಕಾಲೊನಿಯೊಳಗೆ ರಸ್ತೆ ಗುಡಿಸುವುದು, ಹುಲ್ಲು ಕತ್ತರಿಸುವುದು, ಗಿಡಕ್ಕೆ ನೀರು ಬಿಡುವುದು ಅವರ ಕೆಲಸ. ಒಳಗೆ ಹೋಗಬೇಕಾದರೆ ಗೇಟ್ ಪಾಸು ಬೇಕು. ಆರು ತಿಂಗಳಿಗೊಮ್ಮೆ, ಹಳೆಯ ಪಾಸು ಮುಗಿಯುವ ಮೊದಲು, ಸಂಘದಿಂದ ಗುತ್ತಿಗೆ ಕಂಪನಿಗೆ ಹೆಸರಿನ ಪಟ್ಟಿ ಹೋಗಬೇಕು. ಹೋದರೆ ಅದು ನವೀಕರಣ. ಒಂದು ದಿನ ತಪ್ಪಿದರೂ ಹೊಸಬರ ಲೆಕ್ಕ. ಹೊಸಬರಾಗಿ ಸೇರಲು ವಯಸ್ಸು ಐವತ್ತರೊಳಗೆ ಇರಬೇಕು.

ಮೂವತ್ತು ಜನರಿಗೆ ಐವತ್ತು ಆಗಿಲ್ಲ. ಬೀರಿಗೆ ಐವತ್ತಾರು.

ಬೀರಿ ಆ ಗೇಟಿನ ಒಳಗೆ ಹದಿನೆಂಟು ವರ್ಷದಿಂದ ಗುಡಿಸುತ್ತಿದ್ದಾಳೆ. ಗಂಡ ತೀರಿಹೋಗಿದ್ದಾನೆ. ಮನೆಯಲ್ಲಿ ಎದ್ದು ಓಡಾಡಲಾಗದ ತಂಗಿ ಮಂಜಿ ಇದ್ದಾಳೆ. ಇಬ್ಬರ ಗಂಜಿಯೂ ಆ ಒಂದು ಪಾಸಿನಿಂದ. ಪಾಸನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಳ್ಳುತ್ತಾಳೆ. ಮಳೆಗಾಲದಲ್ಲಿ ಅವಳು ತೊಯ್ದು ತೊಪ್ಪೆಯಾದರೂ ಪಾಸು ಒಣಗಿಯೇ ಇರುತ್ತದೆ.

ಕಳೆದ ಅಕ್ಟೋಬರಿನಲ್ಲಿ ಗುತ್ತಿಗೆ ಹೊಸ ಕಂಪನಿಗೆ ಹೋಯಿತು. ಬೇರೆಲ್ಲೋ ಯಾರೋ ಸುಳ್ಳು ಇಮೇಲ್ ವಿಳಾಸದಿಂದ ತಮಗೆ ಬೇಕಾದವರ ಹೆಸರು ತುರುಕಿದ್ದರಂತೆ, ಅದಕ್ಕೆ ಇವರದು ಹೊಸ ನಿಯಮ. ಪಟ್ಟಿ ಇಮೇಲಿನಲ್ಲೇ ಬರಬೇಕು, ಅದೂ ಸಂಘದ ಸ್ವಂತ ಹೆಸರಿನ ವಿಳಾಸದಿಂದ. ಪುಕ್ಕಟೆ ಸಿಗುವ ವಿಳಾಸಗಳು ನಡೆಯುವುದಿಲ್ಲ. ನಾನು ಕಾರವಾರದ ಯಾವುದಾದರೂ ಕಂಪ್ಯೂಟರ್ ಅಂಗಡಿಯವರಿಗೆ ಹೇಳಿ ಮಾಡಿಸೋಣ ಎಂದಿದ್ದೆ. ಊಟಕ್ಕೆ ಕೂತಾಗ ಅದನ್ನು ಇವರೆದುರು ಬಾಯಿಬಿಟ್ಟದ್ದೇ ನನ್ನ ತಪ್ಪು.

"ಅದ್ಕೆ ಅಂಗಡಿ ಎಂತಕ್ಕೆ ಮಾರಾಯ್ತಿ? ನಾನೇ ಮೇಲ್ ಸರ್ವರ್ ಕೂಡ್ರಿಸ್ತೆ," ಎಂದರು.

ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತು ಲಿನಕ್ಸ್ ಎಂಬ ಕಂಪ್ಯೂಟರ್ ವಿದ್ಯೆ ಕಲಿತಿದ್ದರು. ಕಲಿತದ್ದನ್ನು ಯಾವುದಕ್ಕೆ ಹಚ್ಚಲಿ ಎಂದು ಹುಡುಕುತ್ತಲೇ ಇದ್ದರು. ಸಂಘದ ಹಳೇ ಕಂಪ್ಯೂಟರನ್ನು ಸ್ಕೂಟರಿನಲ್ಲಿ ಹೇರಿಕೊಂಡು ಬಂದರು. ಫೈಬರ್ ಕೇಬಲ್ಲಿನ ಡಬ್ಬಿ ಇರುವುದು ನಮ್ಮ ಅಡುಗೆಮನೆಯ ಗೋಡೆಗೆ, ಪ್ಲಗ್ಗೂ ಅಲ್ಲೇ, ಹಾಗಾಗಿ ಯಂತ್ರ ಕೂತದ್ದು ನನ್ನ ಅಕ್ಕಿ ಡಬ್ಬದ ಮೇಲೆ. ಅಂದಿನಿಂದ ಅಕ್ಕಿ ತೆಗೆಯಬೇಕಾದರೆ ಮೊದಲು ಇವರ ಅಪ್ಪಣೆ ಬೇಕು.

ಬೇಸಿಕ್ ಸರ್ವರ್, ಒಂದು ಭಾನುವಾರದ ಕೆಲಸ ಎಂದಿದ್ದರು. ಐದು ಭಾನುವಾರ ಹೋಯಿತು. ಪೋಸ್ಟ್‌ಫಿಕ್ಸ್ ಎಂಬ ಪ್ರೋಗ್ರಾಮು ಕಾಗದ ತೆಗೆದುಕೊಂಡು ಹೊರಗೆ ಕಳಿಸುತ್ತದಂತೆ, ಡವ್‌ಕಾಟ್ ಎಂಬುದು ಬಂದ ಕಾಗದವನ್ನು ಅವರವರ ಡಬ್ಬಿಗೆ ಹಾಕಿಡುತ್ತದಂತೆ. ಎರಡನ್ನೂ ಹಾಕಿದ್ದಾಯಿತು, ಎರಡಕ್ಕೂ ಒಂದರ ಮುಖ ಒಂದು ನೋಡುವ ಮನಸ್ಸಿಲ್ಲ. ಒಂದು ಫೈಲಿನಲ್ಲಿ ಸಂಘದ ಹೆಸರು ಬರೆದರೆ ಇನ್ನೊಂದು ಫೈಲು ಆ ಹೆಸರು ತನಗೆ ಗೊತ್ತೇ ಇಲ್ಲ ಎನ್ನುತ್ತದೆ. ಆಮೇಲೆ ನಂಬರಿನ ರಗಳೆ. ಇಂಟರ್‌ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ನಂಬರು ಇರುತ್ತದಂತೆ. ಹೆಸರು ಕೇಳಿದರೆ ನಮ್ಮ ನಂಬರು ಬರಬೇಕು, ನಂಬರು ಕೇಳಿದರೆ ನಮ್ಮ ಹೆಸರು ಬರಬೇಕು, ಎರಡೂ ಹೊಂದದಿದ್ದರೆ ಹೊರಗಿನ ಯಂತ್ರಗಳು ನಂಬುವುದಿಲ್ಲ. ಎರಡನೆಯದನ್ನು ಬರೆಯಬೇಕಾದವರು ಕೇಬಲ್ಲಿನವರು. ಇವರು ಒಂಬತ್ತು ಸಲ ಫೋನು ಮಾಡಿದರು. ಒಂಬತ್ತು ಸಲವೂ ಆ ಕಡೆಯವರು ಕೇಳಿದ್ದು ಒಂದೇ, "ಸಾರ್, ಯಾವ ಚಾನೆಲ್ ಬರ್ತಾ ಇಲ್ಲ?"

ಅದೂ ಮುಗಿಯಿತು ಎನ್ನುವಷ್ಟರಲ್ಲಿ ಮತ್ತೊಂದು. ನಮ್ಮ ಹೆಸರು ಹೇಳಿಕೊಂಡು ಬೇರೆ ಕಳ್ಳರು ಕಾಗದ ಕಳಿಸಬಾರದಲ್ಲ? ಅದಕ್ಕಾಗಿ, ಸಂಘದ ಹೆಸರಿನಲ್ಲಿ ಅಕ್ಕಿ ಡಬ್ಬದ ಮೇಲಿನ ಈ ಯಂತ್ರ ಮಾತ್ರ ಕಾಗದ ಕಳಿಸುತ್ತದೆ, ಬೇರೆಲ್ಲಿಂದ ಬಂದರೂ ಎಸೆದುಬಿಡಿ ಎಂದು ಲೋಕಕ್ಕೆಲ್ಲ ಕಾಣುವಂತೆ ಬರೆದಿಟ್ಟರು. ಇಷ್ಟು ಜಾಗ್ರತೆ ಇರುವ ಮನುಷ್ಯ ಮುಂದೆ ಏನು ಮಾಡಿದರು ಎಂದು ನೆನೆದರೆ ನನಗೆ ಈಗಲೂ ತಲೆ ಕೆಡುತ್ತದೆ.

ಮೊದಲ ಕಾಗದ ಹೋದ ದಿನ ಇವರ ಮುಖ ನೋಡಬೇಕಿತ್ತು. ಕಳಿಸಿದ್ದು ನನಗೇ, ಮೂರು ಅಡಿ ದೂರದಲ್ಲಿ ಮೀನು ಹುರಿಯುತ್ತಿದ್ದವಳಿಗೆ. ನನ್ನ ಫೋನು ಟಿಣ್ ಎಂದಿತು. ನೋಡಿದರೆ, ನಮಸ್ಕಾರ.

"ಇದ್ನ ಬಾಯಲ್ಲೇ ಹೇಳೂಕೆ ಆಗ್ತಿರ್ಲಿಲ್ವ?" ಎಂದೆ. ನಕ್ಕರು.

ಇಲ್ಲಿಗೆ ನಿಂತಿದ್ದರೆ ನಾನೂ ನಗುತ್ತಿದ್ದೆ. ಆದರೆ ಇವರು ಸಿಕ್ಕಸಿಕ್ಕವರೆದುರು ಸರ್ವರಿನ ಸುದ್ದಿ ಹೇಳಿದರು. ಕೇಣಿಯ ದೇವ ಮನೆಗೇ ಬಂದ. ದೋಣಿಯವರ ಸಂಘದ ಲೆಕ್ಕಪತ್ರ ನೋಡುವವನು, ಇವರ ಹಳೆಯ ಗೆಳೆಯ. ತಮ್ಮ ಸಂಘದ ಕಾಗದವೂ ಈ ಸರ್ವರಿನಿಂದಲೇ ಹೋಗಲಿ ಎಂದ. ಇವರು ಆಗಲಿ ಎಂದರು. ದೇವ ಕೇಣಿಗೆ ಹೋಗಿ ತನ್ನ ಕಂಪ್ಯೂಟರಿನಿಂದ ಕಳಿಸಿ ನೋಡಿದರೆ ನಮ್ಮ ಯಂತ್ರ ತೆಗೆದುಕೊಳ್ಳಲಿಲ್ಲ. ನಮ್ಮ ಮನೆಯೊಳಗಿನಿಂದ ಕೊಟ್ಟರೆ ಮಾತ್ರ ಅದು ಕಾಗದ ಹೊರಗೆ ಒಯ್ಯುತ್ತಿತ್ತು. ಹೊರಗಿನವರಿಗಾದರೆ ಹೆಸರು, ಗುಟ್ಟಿನ ಪದ ಕೇಳಿ ಒಳಗೆ ಬಿಡುವ ಏರ್ಪಾಡು ಮಾಡಬೇಕು. ಇವರು ಎರಡು ಸಂಜೆ ಗುದ್ದಾಡಿದರು, ಆ ಏರ್ಪಾಡು ಕೂಡಿಬರಲಿಲ್ಲ. ದೇವ ಫೋನಿನಲ್ಲಿ ಚೇಷ್ಟೆ ಮಾಡಿದ, "ಎಂತ ಮಾರಾಯಾ, ನಿನ್ ಯಂತ್ರಕ್ಕೆ ನನ್ ಗುರ್ತೇ ಸಿಕ್ಕೂದಿಲ್ವಲೊ."

ಅಷ್ಟು ಸಾಕಾಯಿತು. ಗೆಳೆಯನನ್ನು ಬಾಗಿಲಲ್ಲಿ ನಿಲ್ಲಿಸಿ ನೀನು ಯಾರು ಎಂದು ಕೇಳುವ ಯಂತ್ರ ಇವರ ಮನೆಯಲ್ಲಿ ಇರುವುದುಂಟೇ? ಫೈಲಿನಲ್ಲಿ ಒಂದೇ ಒಂದು ಸಾಲು ಬದಲಿಸಿದರು. ಮನೆಯವರ ಕಾಗದ ಮಾತ್ರ ಎಂದು ಇದ್ದದ್ದನ್ನು, ಯಾರು ಕೊಟ್ಟರೂ ತೆಗೆದುಕೊ, ಎಲ್ಲಿಗೆಂದರೂ ಒಯ್ಯಿ ಎಂದು ಮಾಡಿದರು. ದೇವನ ಕಾಗದ ಹೋಯಿತು. ಊರ ಶಾಲೆಯ ಮಾಸ್ತರರದೂ ಹೋಯಿತು. ನನಗೆ ಹೇಳಲಿಲ್ಲ, ಹೇಳಿದರೆ ಬೈಯುತ್ತಾಳೆ ಎಂದು.

ಇದು ಡಿಸೆಂಬರ್ ಹದಿನೈದರ ಸುಮಾರಿಗೆ. ಪಾಸು ಮುಗಿಯುವುದು ಮೂವತ್ತೊಂದಕ್ಕೆ. ಇಪ್ಪತ್ಮೂರನೇ ತಾರೀಖು ನಾನು ಮೂವತ್ತೊಂದು ಹೆಸರು, ಮೂವತ್ತೊಂದು ಫೋಟೋ ಸೇರಿಸಿ ಪಟ್ಟಿ ಕಳಿಸಿದೆ. ಕಳಿಸಲಾಗಿದೆ ಎಂದು ಬಂತು. ಬೀರಿ ಬಾಗಿಲಲ್ಲೇ ನಿಂತಿದ್ದಳು.

"ಹೋಯ್ತ ಅಕ್ಕೋರೆ?"

"ಹೋಯ್ತೆ. ನೀ ಹೋಗಿ ಮಂಜಿಗೆ ಊಟ ಹಾಕು."

ಆ ವಾರ ಯಂತ್ರದ ಫ್ಯಾನು ಹಗಲೆಲ್ಲ ಗೊರಗೊರ ಎನ್ನುತ್ತಿತ್ತು. ಫೋನಿಗೆ ಇಂಟರ್‌ನೆಟ್ ಸರಿಯಾಗಿ ಸಿಗುತ್ತಿರಲಿಲ್ಲ. ನಾನು ಕೇಬಲ್ಲಿನವರಿಗೆ ಬೈದೆ. ಇಪ್ಪತ್ತೊಂಬತ್ತರಂದು ಗುತ್ತಿಗೆ ಕಂಪನಿಯ ಕಾರವಾರದ ಆಫೀಸಿನಿಂದ ಪ್ರೇಕ್ಷಾ ಎಂಬ ಹುಡುಗಿ ಫೋನು ಮಾಡಿದಳು. ಪಾಸಿನ ಕೆಲಸ ನೋಡುವವಳು ಅವಳೇ. "ಮೇಡಂ, ನಿಮ್ಮ ಸಂಘದ ಪಟ್ಟಿ ಒಂದೇ ಬಾಕಿ. ಯಾವಾಗ ಕಳಿಸ್ತೀರಿ?" ಎಂದಳು.

ಇಪ್ಪತ್ಮೂರಕ್ಕೇ ಕಳಿಸಿದ್ದೇನಲ್ಲ ಎಂದೆ. ಬಂದಿಲ್ಲ ಎಂದಳು.

ಇವರು ಕೈಗಾದಿಂದ ಬಂದವರು ಬಟ್ಟೆ ಬದಲಿಸದೆ ಯಂತ್ರದ ಮುಂದೆ ಕೂತರು. ಸರದಿಯಲ್ಲಿ ಎಷ್ಟು ಕಾಗದ ಇವೆ ಎಂದು ಕೇಳಿದರೆ ಯಂತ್ರ ನಲವತ್ತು ಸಾವಿರದ ಚಿಲ್ಲರೆ ಎಂದಿತು. ಕೂದಲು ಬೆಳೆಯುವ ಎಣ್ಣೆ, ಲಾಟರಿ, ನನಗೆ ಹೇಳಲು ನಾಚಿಕೆಯಾಗುವ ಮಾತ್ರೆಗಳು, ಯಾವ ಭಾಷೆ ಎಂದೂ ತಿಳಿಯದ ಬರಹ. ಯಾರು ಬಂದರೂ ಒಯ್ಯುವವನು ಒಬ್ಬ ಅರ್ಗಾದಲ್ಲಿ ಇದ್ದಾನೆ ಎಂದು ಲೋಕದ ಕಳ್ಳರಿಗೆಲ್ಲ ನಾಲ್ಕೇ ದಿನದಲ್ಲಿ ಗೊತ್ತಾಗಿತ್ತು. ನಮ್ಮ ಪಟ್ಟಿ ಆ ರಾಶಿಯ ಅಡಿಯಲ್ಲಿ ಸಿಕ್ಕಿಕೊಂಡು, ಕೊನೆಗೊಮ್ಮೆ ಕಂಪನಿಯ ಯಂತ್ರದ ಬಾಗಿಲಿಗೆ ಹೋಗಿ, ಅಲ್ಲಿಂದ ತಳ್ಳಿಸಿಕೊಂಡು ವಾಪಸು ಬಂದಿತ್ತು. ನಿಮ್ಮ ನಂಬರು ಕೆಟ್ಟವರ ಪಟ್ಟಿಯಲ್ಲಿದೆ, ನಿಮ್ಮಿಂದ ಏನನ್ನೂ ಪಡೆಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಮೂರು ಸಾಲು.

ಬದಲಿಸಿದ ಸಾಲಿನ ಸಂಗತಿ ಆಗ ಬಾಯಿಬಿಟ್ಟರು. ನಾನು ಏನೇನು ಬೈದೆ ಎಂದು ಬರೆಯುವುದಿಲ್ಲ, ಪಕ್ಕದ ಮನೆಯವರಿಗೆಲ್ಲ ಗೊತ್ತಿದೆ. "ಬೇರೆ ಕಡೆಯಿಂದ ಕಳಿಸಿ" ಎಂದೆ. ಆಗುವುದಿಲ್ಲವಂತೆ, ಬೇರೆಲ್ಲಿಂದ ಬಂದರೂ ಎಸೆಯಿರಿ ಎಂದು ಇವರೇ ಬರೆದಿದ್ದಾರಲ್ಲ! ಅದನ್ನು ತಿದ್ದಿದರೂ ಹೊಸ ಜಾಗದಿಂದ ಕಳಿಸುವ ವ್ಯವಸ್ಥೆಗೆ ದಿನ ಹಿಡಿಯುತ್ತದೆ. ಕೆಟ್ಟವರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಮೂರು ಕಡೆ ಅರ್ಜಿ ಹಾಕಿದರು. ಒಬ್ಬರು ಒಂದು ದಿನ ಎಂದರು, ಇನ್ನೊಬ್ಬರು ಒಂದು ವಾರ ಎಂದರು, ಮೂರನೆಯವರು ಉತ್ತರವನ್ನೇ ಕೊಡಲಿಲ್ಲ.

ಮೂವತ್ತನೇ ತಾರೀಖು ರಜೆ ಹಾಕಿದರು. ಸಾಲನ್ನು ಮೊದಲಿನಂತೆ ಮಾಡಿದ್ದಾಗಿತ್ತು, ಉಳಿದದ್ದು ಆ ನಲವತ್ತು ಸಾವಿರವನ್ನು ಅಳಿಸುವುದು. ಅದಕ್ಕೆ ಒಂದೇ ಆಜ್ಞೆ ಸಾಕು ಎಂದು ಇವರೇ ಹೇಳಿದ್ದರು. ಮಧ್ಯಾಹ್ನ ನೋಡುತ್ತೇನೆ, ಇವರು ಕಾಗದಗಳನ್ನು ಒಂದೊಂದಾಗಿ ತೆರೆದು ಓದುತ್ತಿದ್ದಾರೆ.

"ಎಂತ ಮಾಡ್ತಾ ಇದ್ರಿ ನೀವು?"

"ಅಲ್ದೇ ನಾಗೂ, ಇದ್ರಲ್ಲಿ ಯಾರದಾದ್ರೂ ಖರೇ ಕಾಗ್ದ ಇದ್ರೆ? ನಮ್ಮನ್ನ ನಂಬ್ಕಂಡು ಕೊಟ್ಟದ್ದು."

ಕೈಯಲ್ಲಿ ಸೌಟಿತ್ತು. ಎತ್ತಿ ಒಗೆಯಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಸಂಜೆವರೆಗೆ ಕೂತು, ಒಂದೇ ಥರದವನ್ನು ಒಟ್ಟಿಗೆ ಬದಿಗೆ ಸರಿಸಿ, ರಾಶಿಯಿಂದ ಮೂರು ಕಾಗದ ಆರಿಸಿದರು. ಎರಡು ದೇವನವು, ಒಂದು ಮಾಸ್ತರರದು. ಇಬ್ಬರಿಗೂ ಫೋನು ಮಾಡಿ ನಿಮ್ಮದು ಹೋಗಿಲ್ಲ, ಬೇರೆ ಕಡೆಯಿಂದ ಕಳಿಸಿಕೊಳ್ಳಿ ಎಂದು ಹೇಳಿ, ಆಮೇಲೆ ಉಳಿದದ್ದನ್ನು ಅಳಿಸಿದರು. ಬೀರಿಗೆ ಮಾತ್ರ ಏನನ್ನೂ ಹೇಳಿರಲಿಲ್ಲ. ಇವರಿಗೆ ಧೈರ್ಯ ಇರಲಿಲ್ಲ. ನನಗೂ ಇರಲಿಲ್ಲ.

ಮೂವತ್ತೊಂದರ ಮಧ್ಯಾಹ್ನ ಎರಡಕ್ಕೆ ಬೀರಿ ಕೆಲಸ ಮುಗಿಸಿ ನೇರ ನಮ್ಮ ಮನೆಗೆ ಬಂದಳು. ಉಳಿದ ಸಂಘಗಳ ಹೆಂಗಸರಿಗೆ ಹೊಸ ಪಾಸು ಬಂದಿದೆ, ನಮ್ಮದು ಎಲ್ಲಿ ಎಂದು ಕೇಳಿದಳು. ಹೇಳಲೇಬೇಕಾಯಿತು, ಆ ನಲವತ್ತು ಸಾವಿರದ ಎಣ್ಣೆ, ಮಾತ್ರೆಗಳ ಸಂಗತಿಯನ್ನೂ ಸೇರಿಸಿ. ನಮ್ಮ ಯಂತ್ರದಿಂದ ಯಾವ ಕಾಗದವೂ ಹೋಗುತ್ತಿಲ್ಲ, ಕೈಯಲ್ಲಿ ಒಯ್ದು ಕೊಟ್ಟರೆ ನಮ್ಮದೇ ಎಂದು ನಂಬುವುದು ಹೇಗೆ ಎಂದು ಅವರು ಕೇಳುತ್ತಾರೆ ಎಂದೆ. ಬೀರಿ ಹೊಸ್ತಿಲ ಮೇಲೆ ಕೂತಳು. ಅಳಲಿಲ್ಲ. ನಾಳೆಯಿಂದ ಮಂಜಿಗೆ ಏನು ಹಾಕಲಿ ಎಂದು ಗೋಡೆಯನ್ನು ಕೇಳುವಂತೆ ಕೇಳಿದಳು. ಇವರು ಅಡುಗೆಮನೆಯಲ್ಲಿ ಯಂತ್ರದ ಹತ್ತಿರ ನಿಂತಿದ್ದವರು ಹೊರಗೆ ಬರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಬೀರಿ ಕೇಳಿದಳು, "ಅಕ್ಕೋರೆ, ನಮ್ ಕಾಗ್ದ ಅವ್ರು ತಕಣೂದಿಲ್ಲ. ಅವ್ರು ಕಳ್ಸಿರೆ ನಮ್ಗೆ ಬತ್ತದ?"

ನಾನು ಒಳಗೆ ನೋಡಿದೆ. ಇವರು ಹೌದೆಂದು ತಲೆಯಾಡಿಸಿದರು. ನಾವು ಕೊಟ್ಟದ್ದು ಯಾರೂ ತೆಗೆದುಕೊಳ್ಳುವುದಿಲ್ಲ, ಆದರೆ ನಮಗೆ ಬರುವುದು ಯಾವ ಅಡ್ಡಿಯೂ ಇಲ್ಲದೆ ಬರುತ್ತದೆ. ಎರಡು ದಿನ ತಲೆ ಚಚ್ಚಿಕೊಂಡ ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ.

ಪ್ರೇಕ್ಷಾಳಿಗೆ ಫೋನು ಹಚ್ಚಿದೆ. "ನೋಡು ತಂಗಿ, ನಿಮಗೆ ಬೇಕಾದದ್ದು ಇದು ನಮ್ಮದೇ ವಿಳಾಸ ಅಂತ ಖಾತ್ರಿ. ನೀನು ನಿನಗೆ ತೋಚಿದ ಒಂದು ನಂಬರು ಬರೆದು ನಮ್ಮ ಸಂಘದ ವಿಳಾಸಕ್ಕೆ ಕಳಿಸು. ಅದನ್ನ ನಾನು ಓದಿ ಹೇಳಿದರೆ ವಿಳಾಸ ನಮ್ಮದು. ಪಟ್ಟಿ ಸಹಿ ಮಾಡಿ ಕೈಯಲ್ಲಿ ತರುತ್ತೇನೆ."

ಹಾಗೆ ಮಾಡಿದ ಪದ್ಧತಿ ಇಲ್ಲ ಮೇಡಂ ಎಂದಳು. ಐವತ್ತಾರು ವರ್ಷದವಳೊಬ್ಬಳು ನನ್ನ ಹೊಸ್ತಿಲ ಮೇಲೆ ಕೂತಿದ್ದಾಳೆ, ನಾಳೆ ಬೆಳಿಗ್ಗೆ ಅವಳು ನಿಮ್ಮ ಕಂಪನಿಗೆ ಹೊಸಬಳಾಗುತ್ತಾಳೆ ಎಂದೆ. ಸಾಹೇಬರನ್ನು ಕೇಳಿ ಹೇಳುತ್ತೇನೆ ಎಂದು ಫೋನಿಟ್ಟಳು. ಇಪ್ಪತ್ತು ನಿಮಿಷವಾಯಿತು. ಆಮೇಲೆ ಯಂತ್ರಕ್ಕೆ ಒಂದು ಕಾಗದ ಬಂತು, ಬರೀ ಏಳು ಅಂಕಿ. ನಾನು ಫೋನಿನಲ್ಲಿ ಓದಿದೆ. "ಸರಿ ಇದೆ ಮೇಡಂ, ಐದರೊಳಗೆ ಬನ್ನಿ," ಎಂದಳು.

ಸ್ಕೂಟರು ನಾನೇ ತೆಗೆದೆ. ಇವರನ್ನು ಕರೆಯಲಿಲ್ಲ. ಬೀರಿ ಹಿಂದೆ ಕೂತು ಪಟ್ಟಿಯನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಿದ್ದಳು, ನನ್ನನ್ನು ಹಿಡಿದುಕೊಳ್ಳಲೂ ಕೈ ಇರಲಿಲ್ಲ. ಹೆದ್ದಾರಿಯ ಸುರಂಗ ದಾಟಿ ಕಾರವಾರ ಸೇರುವಾಗ ನಾಲ್ಕು ಗಂಟೆ. ಪ್ರೇಕ್ಷಾ ಒಂದೊಂದು ಫೋಟೋ ಹೋಲಿಸಿ ನೋಡಿ, ಸಾಹೇಬರ ಸಹಿ ತಂದು, ಮೂವತ್ತೊಂದು ಪಾಸಿಗೂ ಸೀಲು ಒತ್ತಿದಳು. ಐದಕ್ಕೆ ಹತ್ತು ನಿಮಿಷ ಇತ್ತು.

ಮನೆಗೆ ಬಂದಾಗ ಇವರು ಗೇಟಿನಲ್ಲೇ ಕಾಯುತ್ತಿದ್ದರು. ಬೀರಿಯ ಕೈಯಲ್ಲಿ ಪಾಸು ನೋಡಿ ಮುಖ ಅರಳಿತು. ಅದೇ ನಗು. "ಆಯ್ತಲ್ಲ ಬೀರಿ, ಅಂತೂ," ಎಂದರು.

ಬೀರಿ ಇವರಿಗಿಂತ ಎಂಟು ವರ್ಷ ದೊಡ್ಡವಳು. ಆದರೂ ಯಾವತ್ತೂ ಸುಜಯಣ್ಣ, ನೀವು, ಬನ್ನಿ ಎನ್ನುತ್ತಿದ್ದವಳು. ಅವತ್ತು ಸ್ಕೂಟರಿನಿಂದ ಇಳಿದು ಇವರ ಎದುರು ನಿಂತಳು.

"ನಗಬೇಡ ನೀ," ಎಂದಳು. "ಆ ನಲ್ವತ್ ಸಾವ್ರ ಜನ ನಿಂಗೆ ಎಂತ ಆಗ್ಬೇಕು? ಯಾರ್ದೋ ಎಣ್ಣೆ, ಯಾರ್ದೋ ಮಾತ್ರೆ, ಅದ್ರ ಅಡಿಗೆ ನನ್ ಹೆಸ್ರ ಹಾಕಿಟ್ಟೆ. ಎಲ್ಲರ್ದೂ ನಾ ಹೊರ್ತೆ ಅಂತೆ ನೀ. ಹಂಗಾರೆ ನಂದು ಹೊರೂದು ಯಾರು?"

ಬೀರಿ ಪಾಸನ್ನು ರವಿಕೆಯೊಳಗೆ ಇಟ್ಟುಕೊಂಡು ನಡೆದುಹೋದಳು.

ನನಗೆ ಖುಷಿಯಾಗಬೇಕಿತ್ತು. ಇಪ್ಪತ್ತೊಂದು ವರ್ಷದಿಂದ ನಾನು ಹೇಳುತ್ತಿದ್ದುದು ಅದನ್ನೇ. ಆದರೆ ನನಗೆ ನಾಚಿಕೆಯಾಯಿತು. ಪಟ್ಟಿ ಕಳಿಸಿದ ಮೇಲೆ ತಲುಪಿತೇ ಎಂದು ಒಂದು ಫೋನು ಮಾಡಬಹುದಿತ್ತು, ಆರು ದಿನ ಮಾಡದೆ ಕೂತವಳು ನಾನೇ. ಹೋಯ್ತೆ ಎಂದು ಅವಳಿಗೆ ಹೇಳಿ ಕಳಿಸಿದವಳೂ ನಾನೇ. ಬೀರಿ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಇವರು ಆಮೇಲೆ ನಾಲ್ಕು ಭಾನುವಾರ ಕೂತು ಹೆಸರು, ಗುಟ್ಟಿನ ಪದ ಕೇಳುವ ಏರ್ಪಾಡನ್ನು ಸರಿಯಾಗಿ ಮಾಡಿದರು. ಈಗ ದೇವನಾದರೂ ಸರಿ, ಪದ ಹೇಳದೆ ಅವನ ಕಾಗದ ಹೋಗುವುದಿಲ್ಲ. ಜನವರಿ ಮುಗಿಯುವಷ್ಟರಲ್ಲಿ ನಮ್ಮ ನಂಬರು ಎಲ್ಲ ಕೆಟ್ಟ ಪಟ್ಟಿಗಳಿಂದಲೂ ಹೊರಬಿತ್ತು. ಬೀರಿ ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ದಾರಿಯಲ್ಲಿ ಸಿಕ್ಕರೆ ನನ್ನ ಹತ್ತಿರ ಮಾತಾಡುತ್ತಿದ್ದಳು, ಇವರತ್ತ ನೋಡುತ್ತಿರಲಿಲ್ಲ.

ಜೂನ್ ಇಪ್ಪತ್ತಕ್ಕೆ ಮುಂದಿನ ಪಟ್ಟಿ. ಕರೆಯದೆಯೇ ಬೀರಿ ಬಂದಳು, ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಳು. ಪಟ್ಟಿ ಕಳಿಸಿದೆ. ಹೋಯಿತು ಎಂದು ನಾನು ಈ ಸಲ ಹೇಳಲಿಲ್ಲ. ಚಹಾ ಕೊಟ್ಟೆ, ಕುಡಿಯಲಿಲ್ಲ. ಮುಕ್ಕಾಲು ಗಂಟೆ ಹಾಗೆಯೇ ಕೂತಿದ್ದಳು. ಆಮೇಲೆ ಪ್ರೇಕ್ಷಾಳ ಉತ್ತರ ಬಂತು. ನಾನು ಓದಲು ಹೋದರೆ ಬೀರಿ ಕೈ ಅಡ್ಡ ಹಿಡಿದು ಇವರತ್ತ ಬೆರಳು ತೋರಿಸಿದಳು.

ಇವರು ಬಗ್ಗಿ ಓದಿದರು. "ಪಟ್ಟಿ ತಲುಪಿದೆ. ಮೂವತ್ತೊಂದು ಹೆಸರು ಸರಿಯಾಗಿವೆ."

"ನನ್ ಹೆಸ್ರು?"

ಇವರು ಪಟ್ಟಿ ತೆರೆದು ಬೆರಳಿಟ್ಟು ಹುಡುಕಿದರು. "ಹದಿನೇಳನೇದು. ಬೀರಿ."

"ಇನ್ನೊಂದ್ ಸಲ ಓದು," ಎಂದಳು.

ಇವರು ನಗಲಿಲ್ಲ. ಇನ್ನೊಂದು ಸಲ ಓದಿದರು.